ಸಹಪಾಠಿಗಳ ಆಸರೆ: ಸಮೂಹ ಆಪ್ತಸಮಾಲೋಚನೆ



ಹೆಬ್ಬಾಳ–ಯಲಹಂಕ ನಡುವಿನ ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯಕ್ಕೆ ದೂರದೂರುಗಳ ಮಕ್ಕಳು ಓದಲು ಬರುತ್ತಾರೆ. ಪರೀಕ್ಷೆಯ ಅಳುಕನ್ನು, ಒಂಟಿತನವನ್ನು ಮನೆಯವರಲ್ಲಿ ಹೇಳಿಕೊಳ್ಳಲು ಇಂತಹ ಮಕ್ಕಳು ಹಿಂಜರಿಯುವುದುಂಟು.

ಸಮೂಹ ಆಪ್ತಸಮಾಲೋಚನೆಯಲ್ಲಿ ತರಬೇತಿ ಪಡೆದ ಸಮಾಲೋಚಕರ ಸಮ್ಮುಖದಲ್ಲಿ ಕೆಲವು ವಿದ್ಯಾರ್ಥಿಗಳು ಒಟ್ಟಿಗೆ ಕುಳಿತು ಅಳಲನ್ನು ಹಂಚಿಕೊಳ್ಳುತ್ತಾರೆ. ಈ ಸಂಕಟ ತನ್ನೊಬ್ಬನದಲ್ಲವೆಂಬ ಅರಿವೇ ದೊಡ್ಡ ಸಮಾಧಾನ. ಅನುಭವ ಮಂಟಪದ ಪರಂಪರೆಯ ನಮಗೆ ಇಂತಹ ಗೋಷ್ಠಿ ಅಪರಿಚಿತವಲ್ಲ.

ಅಲ್ಲಿ ಆಡಿದ ಮಾತು ಹೊರಹೋಗಬಾರದು. ಆದರೆ ಗೆಳೆಯರೊಬ್ಬರು ಜೀವ ಕಳೆದುಕೊಳ್ಳುವ ಮಾತಾಡಿದರೆ ಗುಟ್ಟು ಕಾಯುವುದು ಧರ್ಮವಲ್ಲ. ಅವರನ್ನು ಒಂಟಿಯಾಗಿ ಬಿಡದೆ ಸಮಾಲೋಚಕರಿಗೆ ಒಡನೆಯೇ ತಿಳಿಸಬೇಕು. 2022ರಲ್ಲಿ ಆರಂಭವಾದ ಟೆಲಿ-ಮನಸ್ ಉಚಿತ ಸಹಾಯವಾಣಿ 14416 ಹಗಲಿರುಳೂ ಲಭ್ಯವಿದೆ.

ನೊಂದವರ ಮಾತಿಗೆ ಕಿವಿಗೊಡುವುದೂ ದಾಸೋಹವೆಂದು ನಾವು ಭಾವಿಸುತ್ತೇವೆ. ಮಕ್ಕಳು ಕರೆ ಮಾಡಿದಾಗ ಅಂಕಗಳಿಗಿಂತ ಮೊದಲು ಮನಸ್ಸಿನ ಕ್ಷೇಮವನ್ನು ವಿಚಾರಿಸೋಣ.