ಅಕ್ಷರ ಹಿಗ್ಗಿಸುವ ಗುಂಡಿಯ ಒಳಗುಟ್ಟು

ಸರ್ಕಾರಿ ಜಾಲತಾಣಗಳ ನೆತ್ತಿಯಲ್ಲಿ ಅಕ್ಷರ ಹಿಗ್ಗಿಸುವ, ಕುಗ್ಗಿಸುವ ಪುಟ್ಟ ಗುಂಡಿಗಳಿರುತ್ತವೆ. ಒತ್ತಿದರೆ ಪುಟ ಮತ್ತೆ ಲೋಡ್ ಆಗುವುದಿಲ್ಲ. ಇದ್ದಲ್ಲೇ ಅಕ್ಷರ ದೊಡ್ಡದಾಗುತ್ತದೆ. ಕೆಲವು ತಾಣಗಳಲ್ಲಿ ಏನೂ ಆಗುವುದಿಲ್ಲ, ಅದರ ಕಾರಣವೂ ಸ್ವಾರಸ್ಯಕರ.

ಪುಟದ ಅಂದಚೆಂದ ಸಿಎಸ್ಎಸ್‌ನ ಪಾಲು. ಹೋಕನ್ ವಿಯುಮ್ ಲೀ ಅದನ್ನು ಮುಂದಿಟ್ಟದ್ದು 1994ರಲ್ಲಿ. ಮರುವರ್ಷ ನೆಟ್‌ಸ್ಕೇಪ್‌ನಲ್ಲಿ ಬ್ರೆಂಡನ್ ಐಕ್, ಗುಂಡಿ ಒತ್ತಿದಾಗ ಕೆಲಸ ಮಾಡುವ ಜಾವಾಸ್ಕ್ರಿಪ್ಟ್ ಭಾಷೆಯನ್ನು ಬರೆದರು. ಅಂದವನ್ನೂ ಜಾವಾಸ್ಕ್ರಿಪ್ಟ್‌ನಲ್ಲೇ ಬರೆಯಿಸಲು ನೆಟ್‌ಸ್ಕೇಪ್ ಹೊರಟಿತ್ತು, ಅದು ಬಾಳಲಿಲ್ಲ. ಈಗ ಜಾವಾಸ್ಕ್ರಿಪ್ಟ್ ಕೈಗೆ ಸಿಗುವುದು ಪುಟದ ಪ್ರತಿ ಎಲಿಮೆಂಟಿಗೂ ‘ಸ್ಟೈಲ್’ ಎಂಬ ಹಿಡಿಕೆ. ಅದರ ಮೂಲಕ ಬಣ್ಣ, ಅಗಲ, ಅಕ್ಷರದ ಅಳತೆ ಎಲ್ಲವನ್ನೂ ಬದಲಿಸಬಹುದು. ‘ಫಾಂಟ್-ಸೈಜ್’ನ ನಡುಗೆರೆ ಜಾವಾಸ್ಕ್ರಿಪ್ಟ್ ಕಣ್ಣಿಗೆ ಮೈನಸ್ ಆದ್ದರಿಂದ ಅಲ್ಲಿ ಎರಡೂ ಪದ ಕೂಡಿಸಿ ಬರೆಯಬೇಕು.

ತೊಡಕಿರುವುದು ಓದುವಾಗ. ಈ ಹಿಡಿಕೆಗೆ ಆ ಎಲಿಮೆಂಟಿನ ಮೈಮೇಲೇ ಬರೆದದ್ದು ಮಾತ್ರ ಗೊತ್ತು. ಸಿಎಸ್ಎಸ್ ನಿಯಮಗಳಿರುವ ಸ್ಟೈಲ್‌ಶೀಟಿನಿಂದ ಬಂದ ಅಳತೆ, 16 ಪಿಕ್ಸೆಲ್ ಎನ್ನಿ, ಗೊತ್ತಿಲ್ಲ. ಈಗಿನ ಅಳತೆ ಕೇಳಿದರೆ ಖಾಲಿ ಉತ್ತರ. ಖಾಲಿಗೆ ಎರಡು ಕೂಡಿಸಿ ವಾಪಸ್ ಕೊಟ್ಟರೆ ಬ್ರೌಸರ್ ತುಟಿಪಿಟಕ್ ಎನ್ನದೆ ಅದನ್ನು ಕೈಬಿಡುತ್ತದೆ. ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. ಪಿಕ್ಸೆಲ್ ಎನ್ನದೆ ಬರೀ 18 ಎಂದರೂ ಇದೇ ಗತಿ. ‘ಗೆಟ್‌ಕಂಪ್ಯೂಟೆಡ್‌ಸ್ಟೈಲ್’ ಎಂಬ ಫಂಕ್ಷನ್ ಅನ್ನು ಕೇಳಿದರೆ ನಿಜವಾದ ಅಳತೆ ಸಿಗುತ್ತದೆ.

ಇನ್ನು ಕನ್ನಡದ ಪಾಡು. ಸಾಲಿನ ಎತ್ತರವನ್ನು 24 ಪಿಕ್ಸೆಲ್ ಎಂದು ಕಟ್ಟಿಹಾಕಿ ಅಕ್ಷರವನ್ನಷ್ಟೇ 24ಕ್ಕೆ ಹಿಗ್ಗಿಸಿ ನೋಡಿ. ಇಂಗ್ಲಿಷ್ ಹೇಗೋ ತಾಳಿಕೊಂಡೀತು. ‘ಸ್ವಾತಂತ್ರ್ಯ’, ‘ರಾಷ್ಟ್ರೀಯ’ಗಳ ಒತ್ತಕ್ಷರಗಳು ಮಾತ್ರ ಕೆಳಸಾಲಿನ ತಲೆಕಟ್ಟಿಗೆ ಬಡಿಯುತ್ತವೆ. ಸಾಲಿನ ಎತ್ತರವನ್ನು 1.6 ಎಂದು ಬರೀ ಅಂಕಿಯಲ್ಲಿ ಕೊಟ್ಟರೆ ಅಕ್ಷರದ ಜೊತೆಗೇ ಅದೂ ಬೆಳೆಯುತ್ತದೆ. ಕನ್ನಡದಲ್ಲಿ ಓದಿ ಪರೀಕ್ಷಿಸದವರಿಗೆ ಇದು ಕಾಣುವುದೇ ಇಲ್ಲ.

ಪ್ರತಿ ಪ್ಯಾರಾಕ್ಕೂ ಹೋಗಿ ಅಳತೆ ಬರೆದು ಬರುವ ಪದ್ಧತಿಯೂ ನನಗೆ ಒಪ್ಪಿಗೆಯಿಲ್ಲ. ಎಲಿಮೆಂಟಿನ ಮೈಮೇಲೆ ಬರೆದದ್ದು ಸ್ಟೈಲ್‌ಶೀಟಿನ ಸಾಮಾನ್ಯ ನಿಯಮಗಳನ್ನೆಲ್ಲ ಮೆಟ್ಟಿ ನಿಲ್ಲುತ್ತದೆ. ಮೊಬೈಲಿಗೆಂದು, ಪ್ರಿಂಟಿಗೆಂದು ಬೇರೆ ಅಳತೆ ಇಟ್ಟಿದ್ದರೆ ಅದೂ ಸೋಲುತ್ತದೆ. ಅದರ ಬದಲು ಅಕ್ಷರದ ಅಳತೆಗೆ ಸಿಎಸ್ಎಸ್‌ನಲ್ಲೇ ಒಂದು ವೇರಿಯಬಲ್ ಇಟ್ಟುಕೊಂಡು, ಪುಟದ ರೂಟ್ ಎಲಿಮೆಂಟಿನಲ್ಲಿ ‘ಸೆಟ್‌ಪ್ರಾಪರ್ಟಿ’ಯಿಂದ ಅದೊಂದನ್ನೇ ಬದಲಿಸಿದರೆ ಸಾಕು. ಯಾವುದು ಎಷ್ಟು ಹಿಗ್ಗಬೇಕೆಂಬುದನ್ನು ಸ್ಟೈಲ್‌ಶೀಟೇ ನೋಡಿಕೊಳ್ಳುತ್ತದೆ. ಓದುಗರ ಆಯ್ಕೆಯನ್ನು ಬ್ರೌಸರಿನ ಲೋಕಲ್ ಸ್ಟೋರೇಜಿನಲ್ಲಿ ಬರೆದಿಡಬೇಕು. ಇಲ್ಲವಾದರೆ ಮುಂದಿನ ಪುಟಕ್ಕೆ ಹೋದಾಗ ಅಜ್ಜಂದಿರು ಮತ್ತೆ ಗುಂಡಿ ಹುಡುಕಬೇಕಾಗುತ್ತದೆ.