ನಾನು ಮೇಲ್ ತೆರೆದದ್ದು ಅವರಿಗೆ ಹೇಗೆ ಗೊತ್ತಾಯಿತು?

ಕಳೆದ ತಿಂಗಳು ಒಂದು ರಾತ್ರಿ ನನ್ನ ಜಿಮೇಲ್‌ಗೆ ಒಂದು ಕೋಚಿಂಗ್ ಸಂಸ್ಥೆಯಿಂದ ಮೇಲ್ ಬಂತು. ಸಿಇಟಿಗೆ ಕ್ರ್ಯಾಶ್ ಕೋರ್ಸ್, ಶುಲ್ಕ 45 ಸಾವಿರ. ಓದಿ ಮುಚ್ಚಿದೆ. ಮಲಗುವ ಮುನ್ನ ಇನ್ನೊಮ್ಮೆ ತೆರೆದು ನೋಡಿದೆ. ಉತ್ತರ ಬರೆಯಲಿಲ್ಲ, ಮನೆಯಲ್ಲೂ ಹೇಳಲಿಲ್ಲ. ಬೆಳಿಗ್ಗೆ ವಿಜಯನಗರದ ಅಂಗಡಿಯಲ್ಲಿದ್ದ ಅಬ್ಬನಿಗೆ ಫೋನ್: "ಸರ್, ನಿಮ್ಮ ಮಗ ರಾತ್ರಿ ನಮ್ಮ ಮೇಲ್ ಎರಡು ಸಲ ನೋಡಿದ್ದಾರೆ. ಸೀಟ್ ಬುಕ್ ಮಾಡೋಣವಾ?"

ರಾತ್ರಿ ಊಟಕ್ಕೆ ಕೂತಾಗ ಅಬ್ಬ ಕೇಳಿದರು, "ಸೇರಬೇಕು ಅಂತಿದ್ರೆ ನನಗೆ ಹೇಳೋದಕ್ಕೇನು? ದುಡ್ಡಿಲ್ಲ ಅಂತ ಸುಮ್ಮನಿದ್ದೀಯಾ?" ಸೇರುವ ಆಸೆ ಇದ್ದದ್ದು ನಿಜ, ಹೇಳಬಾರದು ಅಂದುಕೊಂಡದ್ದೂ ನಿಜ. ಆದರೆ ಹೇಳುವುದೋ ಬಿಡುವುದೋ ನನಗೆ ಸೇರಿದ ವಿಷಯವಾಗಿತ್ತು. ಹಿಂದೊಮ್ಮೆ ಮಾದರಿ ಪರೀಕ್ಷೆಗೆ ಹೆಸರು ಕೊಡುವಾಗ ನನ್ನ ಮೇಲ್ ವಿಳಾಸವನ್ನೂ ಅಬ್ಬನ ನಂಬರನ್ನೂ ನಾನೇ ಬರೆದುಕೊಟ್ಟಿದ್ದೆ. ಅದು ಸರಿ. ತೆರೆದು ಓದಿದ್ದು ಅವರಿಗೆ ತಿಳಿದದ್ದು ಹೇಗೆ?

ಮರುದಿನ ಕಂಪ್ಯೂಟರ್ ಲ್ಯಾಬ್‌ನಲ್ಲಿ ಸರ್ ತೋರಿಸಿಕೊಟ್ಟರು. ಜಿಮೇಲ್‌ನಲ್ಲಿ ಮೂರು ಚುಕ್ಕೆ ಒತ್ತಿ 'ಶೋ ಒರಿಜಿನಲ್' ಎಂದರೆ ಮೇಲ್‌ನ ಹಿಂದಿನ ಕೋಡ್ ಕಾಣುತ್ತದೆ. ಅದರ ಕೊನೆಯಲ್ಲಿ ಒಂದು ಚಿತ್ರವಿತ್ತು: ಅಗಲ 1 ಪಿಕ್ಸೆಲ್, ಎತ್ತರ 1 ಪಿಕ್ಸೆಲ್, ಬಣ್ಣವಿಲ್ಲ. ಸಾಸಿವೆ ಕಾಳಿಗಿಂತ ಚಿಕ್ಕದು, ಕಣ್ಣಿಗೆ ಕಾಣದು. ಇದನ್ನು ಟ್ರ್ಯಾಕಿಂಗ್ ಪಿಕ್ಸೆಲ್ ಎನ್ನುತ್ತಾರೆ. ಚಿತ್ರ ಮೇಲ್‌ನೊಳಗೆ ಇರುವುದಿಲ್ಲ, ಕಳಿಸಿದವರ ಸರ್ವರ್‌ನಲ್ಲಿರುತ್ತದೆ. ಪ್ರತಿಯೊಬ್ಬರಿಗೂ ಕಳಿಸುವ ಚಿತ್ರದ ವಿಳಾಸ ಬೇರೆ ಬೇರೆ. ನಾನು ಮೇಲ್ ತೆರೆದಾಗ ಆ ಚಿತ್ರ ಬೇಕೆಂದು ಸರ್ವರ್‌ಗೆ ಕೋರಿಕೆ ಹೋಗುತ್ತದೆ. ಅಷ್ಟು ಸಾಕು: ಯಾರು, ಎಷ್ಟು ಹೊತ್ತಿಗೆ, ಎಷ್ಟು ಸಲ ಎಂಬುದು ಅಲ್ಲಿ ದಾಖಲಾಗುತ್ತದೆ. ಕೆಲವೊಮ್ಮೆ ಯಾವ ಫೋನ್, ಯಾವ ಐಪಿ ವಿಳಾಸ ಎಂಬುದೂ ಸಿಗುತ್ತದೆ.

2013ರ ಕೊನೆಯಿಂದ ಜಿಮೇಲ್ ಚಿತ್ರಗಳನ್ನು ಗೂಗಲ್‌ನ ಸರ್ವರ್ ಮೂಲಕವೇ ತರಿಸುತ್ತದೆ. ಹಾಗಾಗಿ ನಮ್ಮ ಐಪಿ ವಿಳಾಸ ಬಚಾವಾಗುತ್ತದೆ, ತೆರೆದ ಹೊತ್ತು ಮಾತ್ರ ಬಚಾವಾಗುವುದಿಲ್ಲ. ಆ್ಯಪಲ್ 2021ರಲ್ಲಿ ಇನ್ನೊಂದು ಉಪಾಯ ಮಾಡಿತು. ಅದರ ಮೇಲ್ ಆ್ಯಪ್ ನಾವು ಓದಲಿ ಬಿಡಲಿ ಚಿತ್ರಗಳನ್ನು ಮೊದಲೇ ತರಿಸಿಕೊಳ್ಳುತ್ತದೆ. ಇದರಿಂದ 'ತೆರೆದರು' ಎಂಬ ಲೆಕ್ಕವೇ ಎಷ್ಟೋ ಸಲ ಸುಳ್ಳಾಗುತ್ತದೆ. ಅಂಥ ಲೆಕ್ಕ ನಂಬಿ ಯಾರದೋ ತಂದೆಗೆ ಫೋನ್ ಮಾಡಿದರೆ ಏನಾಗಬಹುದು, ಯೋಚಿಸಿ.

ವಾಟ್ಸಾಪ್‌ನ ನೀಲಿ ಟಿಕ್ ಕೂಡ ಇದೇ ಅಲ್ಲವೇ ಎಂದು ಗೆಳೆಯ ಕೇಳಿದ. (ಅಸೈನ್‌ಮೆಂಟ್ ಕಳಿಸಿ ಟಿಕ್ ನೀಲಿಯಾಗುವುದನ್ನೇ ಕಾಯುವವರಲ್ಲಿ ನಾನೂ ಒಬ್ಬ.) ವ್ಯತ್ಯಾಸವಿದೆ. ನೀಲಿ ಟಿಕ್ ಇರುವುದು ಇಬ್ಬರಿಗೂ ಗೊತ್ತು, ಬೇಡವೆಂದರೆ ಆಫ್ ಮಾಡಬಹುದು. ಅಂಚೆಯ ಸ್ವೀಕೃತಿ ಕಾರ್ಡಿಗೂ ಪಡೆದವರೇ ಸಹಿ ಹಾಕುತ್ತಾರೆ. ಪಿಕ್ಸೆಲ್ ಸಹಿ ಕೇಳುವುದಿಲ್ಲ.

ಇದು ಕಾನೂನಿಗೆ ಸರಿಯೇ? ಖಾಸಗಿತನದ ಹಕ್ಕಿನ ಮೊಕದ್ದಮೆಗೆ ಬೆಂಗಳೂರಿನ ನಂಟಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 80 ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆಮೇಲೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ.

ಈ ಕಾಯ್ದೆಯಲ್ಲಿ ಪಿಕ್ಸೆಲ್ ಎಂಬ ಪದವಿಲ್ಲ. ಆದರೆ ಒಬ್ಬರನ್ನು ಗುರುತಿಸಬಹುದಾದ ಯಾವ ಮಾಹಿತಿಯೂ ವೈಯಕ್ತಿಕ ದತ್ತಾಂಶವೇ. ನನ್ನ ಹೆಸರಿನ ಮುಂದೆ ನಾನು ಮೇಲ್ ತೆರೆದ ಹೊತ್ತು ಬರೆದಿದ್ದರೆ ಅದೂ ಅದರಲ್ಲಿ ಸೇರುತ್ತದೆ. ಒಪ್ಪಿಗೆ ಪಡೆಯುವಾಗ ಏನನ್ನು, ಏಕೆ ಸಂಗ್ರಹಿಸುತ್ತೇವೆಂದು ತಿಳಿಸಬೇಕು. ಆ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ 8ನೇ ಅನುಸೂಚಿಯ ಭಾಷೆಗಳಲ್ಲಿ, ಎಂದರೆ ಕನ್ನಡದಲ್ಲೂ ಉರ್ದುವಿನಲ್ಲೂ, ಓದುವ ಅವಕಾಶ ಇರಬೇಕು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯಲೂ ಸಾಧ್ಯವಾಗಬೇಕು.

ನಮಗೆ ಮುಖ್ಯವಾದದ್ದು 9ನೇ ಕಲಂ. 18 ತುಂಬದವರೆಲ್ಲ ಅದರ ಲೆಕ್ಕದಲ್ಲಿ ಮಕ್ಕಳು. ಪಿಯುಸಿಯಲ್ಲಿ ನಮ್ಮಲ್ಲಿ ಹೆಚ್ಚಿನವರು ಹಾಗೇ ಇದ್ದೇವೆ. ಮಕ್ಕಳ ಚಲನವಲನವನ್ನು, ವರ್ತನೆಯನ್ನು ಜಾಡು ಹಿಡಿಯುವಂತಿಲ್ಲ, ಅವರಿಗೆ ಗುರಿಯಿಟ್ಟು ಜಾಹೀರಾತು ಕಳಿಸುವಂತಿಲ್ಲ. ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೆ ಹೋಗಬಹುದು. ಶಿಕ್ಷಣ ಸಂಸ್ಥೆಗಳಿಗೆ ನಿಯಮಗಳಲ್ಲಿ ರಿಯಾಯಿತಿ ಇದೆ, ಆದರೆ ಅದು ಪಾಠದ ಚಟುವಟಿಕೆಗೆ, ಸೇರಿದ ಮಕ್ಕಳ ಸುರಕ್ಷತೆಗೆ. ಇನ್ನೂ ಸೇರದ ಹುಡುಗನ ಅಪ್ಪನಿಗೆ ಸೀಟ್ ಮಾರುವುದು ಅದರೊಳಗೆ ಬರುತ್ತದೆಂದು ನನಗಂತೂ ಅನಿಸುವುದಿಲ್ಲ.

ಒಂದು ತೊಡಕಿದೆ. ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಕರ್ತವ್ಯಗಳು ಜಾರಿಗೆ ಬರುವುದು ಅದಾದ 18 ತಿಂಗಳಿಗೆ, ಅಂದರೆ 2027ರ ಮೇನಲ್ಲಿ. ಅಲ್ಲಿಯವರೆಗೆ ಇರುವ 2011ರ ನಿಯಮಗಳು ಪಾಸ್‌ವರ್ಡ್, ಬ್ಯಾಂಕ್, ಆರೋಗ್ಯದಂಥ ಸೂಕ್ಷ್ಮ ಮಾಹಿತಿಗೆ ಒತ್ತು ಕೊಡುತ್ತವೆ. ಮೇಲ್ ತೆರೆದದ್ದು ಆ ಪಟ್ಟಿಯಲ್ಲಿಲ್ಲ.

ಸದ್ಯಕ್ಕೆ ನಮ್ಮ ಕೈಯಲ್ಲಿರುವುದು ಸೆಟ್ಟಿಂಗ್. ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ 'ಇಮೇಜಸ್' ಎಂಬಲ್ಲಿ, ಹೊರಗಿನ ಚಿತ್ರ ತೋರಿಸುವ ಮೊದಲು ಕೇಳು ಎಂಬ ಆಯ್ಕೆಯಿದೆ. ಹಾಕಿಬಿಡಿ. ಆಮೇಲೂ ಮೇಲ್‌ನಲ್ಲಿರುವ ಲಿಂಕ್ ಒತ್ತಿದರೆ ಗೊತ್ತಾಗುತ್ತದೆ, ಅದಕ್ಕೆ ಈ ಸೆಟ್ಟಿಂಗ್ ಅಡ್ಡ ಬರುವುದಿಲ್ಲ.

ಅಬ್ಬನಿಗೆ ಇದನ್ನೆಲ್ಲ ವಿವರಿಸಿದೆ. "ಅಂಗಡಿ ಮುಂದೆ ನಿಂತು ಬಟ್ಟೆ ನೋಡಿದವರ ಮನೆಗೆಲ್ಲ ನಾನು ಫೋನ್ ಮಾಡ್ತೀನಾ?" ಎಂದರು. ನಮ್ಮ ಮಾಹಿತಿ ಅಳಿಸಿಹಾಕಿ ಎಂದು ಆ ಸಂಸ್ಥೆಗೆ ಇಬ್ಬರೂ ಸೇರಿ ಮೇಲ್ ಬರೆದೆವು. ಮೂರು ವಾರವಾಯಿತು, ಉತ್ತರವಿಲ್ಲ. ಅವರು ಅದನ್ನು ತೆರೆದರೋ ಇಲ್ಲವೋ ನಮಗೆ ಗೊತ್ತಿಲ್ಲ.