ವಿಶ್ವಕಪ್ ಕಾಲ್ಚೆಂಡಾಟದ ಫಲಿತಾಂಶವನ್ನು ಮೊದಲೇ ಹೇಳಬಹುದೆ?

1950ನೆಯ ಇಸವಿಯ ಜುಲೈ 16ರಂದು ರಿಯೊ ಡಿ ಜನೈರೊ ನಗರದ ಮರಕಾನಾ ಕ್ರೀಡಾಂಗಣದಲ್ಲಿ ಬ್ರೆಜಿಲ್ ಮತ್ತು ಉರುಗ್ವೆ ದೇಶಗಳ ತಂಡಗಳು ವಿಶ್ವಕಪ್ ಸ್ಪರ್ಧೆಯ ನಿರ್ಣಾಯಕ ಪಂದ್ಯವನ್ನು ಆಡಿದವು. ಆ ವರ್ಷದ ಏರ್ಪಾಡಿನಂತೆ ಕೊನೆಯ ಸುತ್ತಿನ ನಾಲ್ಕು ತಂಡಗಳು ಒಂದರೊಡನೊಂದು ಆಡಿ, ಹೆಚ್ಚು ಅಂಕಗಳನ್ನು ಪಡೆದುದು ವಿಜಯಿಯೆನಿಸಬೇಕಾಗಿದ್ದಿತು. ಬ್ರೆಜಿಲ್ ಅದಕ್ಕೆ ಹಿಂದೆ ಸ್ವೀಡನ್ನನ್ನು 7-1ರಿಂದಲೂ ಸ್ಪೇನನ್ನು 6-1ರಿಂದಲೂ ಸೋಲಿಸಿದ್ದಿತು. ಉರುಗ್ವೆಯಾದರೋ ಸ್ಪೇನಿನೊಡನೆ 2-2ರ ಸಮಫಲವನ್ನೂ ಸ್ವೀಡನ್ನಿನ ಮೇಲೆ 3-2ರ ಪ್ರಯಾಸದ ಗೆಲುವನ್ನೂ ಪಡೆದಿದ್ದಿತು. ಬ್ರೆಜಿಲಿಗೆ ಸಮಫಲವೇ ಸಾಕಾಗಿದ್ದಿತು. ಅದರ ವಿಜಯವನ್ನು ಜನರು ಆಗಲೇ ಆದ ಸಂಗತಿಯೆಂಬಂತೆ ಎಣಿಸಿದ್ದರು. ಆದರೆ ಉರುಗ್ವೆ 2-1ರಿಂದ ಗೆದ್ದಿತು.

ಇಂಥ ಪ್ರಸಂಗಗಳನ್ನು ಉದಾಹರಿಸಿ, ಆಟದ ವಿಷಯದಲ್ಲಿ ಮುನ್ಸೂಚನೆಯೆಂಬುದು ವ್ಯರ್ಥವೆಂದು ಹೇಳುವವರಿದ್ದಾರೆ. ಈ ಆಕ್ಷೇಪ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಇಲ್ಲಿ ವಿಚಾರಿಸೋಣ. ವಿಷಯವು ಆಟಕ್ಕೆ ಸಂಬಂಧಿಸಿದ್ದಾದರೂ, ಅನಿಶ್ಚಿತವಾದುದನ್ನು ಕುರಿತು ಹೇಗೆ ಮಾತನಾಡಬೇಕು, ಆ ಮಾತನ್ನು ಹೇಗೆ ಪರೀಕ್ಷಿಸಬೇಕು ಎಂಬ ಪ್ರಶ್ನೆ ಎಲ್ಲ ಶಾಸ್ತ್ರಗಳಿಗೂ ಸಾಮಾನ್ಯವಾದುದು.

ಮುನ್ಸೂಚನೆಯ ಮೊದಲ ಹೆಜ್ಜೆ ತಂಡಗಳ ಬಲವನ್ನು ಅಳೆಯುವುದು. ಇದಕ್ಕೆ ಇಂದು ಬಳಕೆಯಲ್ಲಿರುವ ಪ್ರಸಿದ್ಧ ವಿಧಾನವು ಚದುರಂಗದಿಂದ ಬಂದಿತು. ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅರ್ಪಾದ್ ಎಲೊ ಅವರು ಚದುರಂಗದ ಆಟಗಾರರಿಗಾಗಿ ರೂಪಿಸಿದ ಈ ಕ್ರಮವನ್ನು ಅಮೆರಿಕದ ಚದುರಂಗ ಸಂಸ್ಥೆ 1960ರಲ್ಲಿ ಅಂಗೀಕರಿಸಿತು. ಅಂತರರಾಷ್ಟ್ರೀಯ ಕಾಲ್ಚೆಂಡಾಟ ಸಂಸ್ಥೆಯಾದ ಫಿಫಾ 2018ರಲ್ಲಿ ಇದರ ಒಂದು ರೂಪವನ್ನು ಸ್ವೀಕರಿಸಿತು. ಇದರ ತತ್ತ್ವ ಸರಳವಾದುದು. ಪ್ರತಿ ತಂಡಕ್ಕೂ ಒಂದು ಅಂಕವಿರುತ್ತದೆ. ಎರಡು ತಂಡಗಳ ಅಂಕಗಳ ಅಂತರದಿಂದ ಪಂದ್ಯದ ನಿರೀಕ್ಷಿತ ಫಲವನ್ನು ಗಣಿಸುತ್ತಾರೆ. ಗೆಲುವಿಗೆ 1, ಸಮಫಲಕ್ಕೆ ಅರ್ಧ, ಸೋಲಿಗೆ ಸೊನ್ನೆ ಎಂದು ಇಟ್ಟುಕೊಂಡರೆ, ಫಿಫಾದ ಸೂತ್ರದಂತೆ ಅಂತರವಿಲ್ಲದಾಗ ನಿರೀಕ್ಷಿತ ಫಲ 0.5, ಅಂತರ 200 ಆದಾಗ ಮೇಲಿನ ತಂಡಕ್ಕೆ 0.68, 600 ಆದಾಗ 0.91. ಪಂದ್ಯವಾದ ಮೇಲೆ, ಬಂದ ಫಲವು ನಿರೀಕ್ಷೆಗಿಂತ ಎಷ್ಟು ಹೆಚ್ಚೋ ಕಡಮೆಯೋ ಅದಕ್ಕೆ ತಕ್ಕಂತೆ ಅಂಕವನ್ನು ಏರಿಸುತ್ತಾರೆ ಅಥವಾ ಇಳಿಸುತ್ತಾರೆ. ಆದುದರಿಂದ ಬಲಹೀನರ ಮೇಲಿನ ಗೆಲುವಿನಿಂದ ಲಾಭ ಸ್ವಲ್ಪ. ಬಲಿಷ್ಠರ ಮೇಲಿನ ಗೆಲುವಿನಿಂದ ಲಾಭ ಬಹಳ.

ಎರಡನೆಯ ಹೆಜ್ಜೆ ಬಲದಿಂದ ಗೋಲುಗಳ ಸಂಖ್ಯೆಯನ್ನು ಊಹಿಸುವುದು. ಕಾಲ್ಚೆಂಡಾಟದಲ್ಲಿ ಗೋಲು ವಿರಳವಾದ ಘಟನೆ. 2022ರಲ್ಲಿ ಕತಾರಿನಲ್ಲಿ ನಡೆದ ವಿಶ್ವಕಪ್ಪಿನ 64 ಪಂದ್ಯಗಳಲ್ಲಿ ಆದ ಗೋಲುಗಳು 172. ಪಂದ್ಯವೊಂದಕ್ಕೆ ಸರಾಸರಿ ಸುಮಾರು 2.7. ಇಂಥ ವಿರಳ ಘಟನೆಗಳಿಗೆ ಹೊಂದುವ ನಿಯಮವನ್ನು ಫ್ರಾನ್ಸಿನ ಗಣಿತಜ್ಞ ಪಾಯ್ಸನ್ 1837ರಲ್ಲಿ ಪ್ರಕಟಿಸಿದನು. 1898ರಲ್ಲಿ ಬೋರ್ಟ್‌ಕೀವಿಚ್ ಎಂಬ ಸಂಖ್ಯಾಶಾಸ್ತ್ರಜ್ಞನು, ಪ್ರಷ್ಯದ ಅಶ್ವದಳದಲ್ಲಿ ಕುದುರೆಯ ಒದೆತದಿಂದ ಸತ್ತ ಸೈನಿಕರ ವಾರ್ಷಿಕ ಸಂಖ್ಯೆಗಳು ಆ ನಿಯಮವನ್ನು ಅನುಸರಿಸುತ್ತವೆಂದು ತೋರಿಸಿದನು. ಕಾಲ್ಚೆಂಡಾಟದ ಗೋಲುಗಳೂ ಹೆಚ್ಚುಕಡಮೆ ಹಾಗೆಯೇ ನಡೆಯುತ್ತವೆ. 1982ರಲ್ಲಿ ಮೇಹರ್ ಎಂಬವರು ಪ್ರತಿ ತಂಡಕ್ಕೂ ಆಕ್ರಮಣದ ಬಲ, ರಕ್ಷಣೆಯ ಬಲ ಎಂಬ ಎರಡು ಪ್ರಮಾಣಗಳನ್ನು ಇಟ್ಟು ಲೆಕ್ಕ ಹಾಕಿದರು. 1997ರಲ್ಲಿ ಡಿಕ್ಸನ್ ಮತ್ತು ಕೋಲ್ಸ್ ಅವರು ಅಲ್ಪ ಗೋಲುಗಳ ಪಂದ್ಯಗಳಿಗೆ ಬೇಕಾದ ತಿದ್ದುಪಡಿಯನ್ನು ಮಾಡಿ, ಈಚಿನ ಪಂದ್ಯಗಳಿಗೆ ಹೆಚ್ಚಿನ ತೂಕವನ್ನು ಕೊಟ್ಟರು.

ಒಂದು ಉದಾಹರಣೆಯಿಂದ ಇದರ ಪರಿಣಾಮ ಸ್ಪಷ್ಟವಾಗುತ್ತದೆ. ಬಲಿಷ್ಠ ತಂಡವೊಂದು ಸರಾಸರಿಯಲ್ಲಿ 1.8 ಗೋಲುಗಳನ್ನೂ, ಅದರ ಎದುರಾಳಿ 0.9 ಗೋಲನ್ನೂ ಗಳಿಸತಕ್ಕವೆಂದು ಭಾವಿಸೋಣ. ಒಂದು ಮತ್ತೊಂದರ ಎರಡರಷ್ಟು ಸಮರ್ಥ. ಪಾಯ್ಸನ್ ನಿಯಮದಂತೆ ಗಣಿಸಿದರೆ, ಬಲಿಷ್ಠ ತಂಡ ಗೆಲ್ಲುವ ಸಂಭವ ನೂರಕ್ಕೆ 59, ಸಮಫಲದ ಸಂಭವ 23, ಸೋಲುವ ಸಂಭವ 18 ಎಂದು ಬರುತ್ತದೆ. ಎರಡರಷ್ಟು ಸಮರ್ಥವಾದ ತಂಡವೂ ಐದಾರು ಪಂದ್ಯಗಳಿಗೊಮ್ಮೆ ಸೋಲಬೇಕಾದುದು ಲೆಕ್ಕದಲ್ಲಿಯೇ ಅಡಗಿದೆ! ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಒಂದೊಂದು ತಂಡವೂ ಹತ್ತಾರು ಬಾರಿ ಚೆಂಡನ್ನು ಬುಟ್ಟಿಗೆ ಹಾಕುವುದರಿಂದ ಆಕಸ್ಮಿಕಗಳು ಒಂದನ್ನೊಂದು ಸರಿದೂಗಿಸಿ, ಮೇಲ್ಮೆ ಕ್ರಮೇಣ ಹೊರಗೆ ಬರುತ್ತದೆ. ಕಾಲ್ಚೆಂಡಾಟದಲ್ಲಿ ಅದಕ್ಕೆ ಅವಕಾಶ ಕಡಮೆ. 2022ರಲ್ಲಿ ಸತತವಾಗಿ 36 ಪಂದ್ಯಗಳಲ್ಲಿ ಸೋಲರಿಯದೆ ಬಂದಿದ್ದ ಅರ್ಜೆಂಟೀನ ತಂಡವು ಮೊದಲನೆಯ ಪಂದ್ಯದಲ್ಲಿಯೇ ಸೌದಿ ಅರೇಬಿಯಕ್ಕೆ 1-2ರಿಂದ ಸೋತಿತು. ಕೊನೆಯಲ್ಲಿ ವಿಶ್ವಕಪ್ಪನ್ನೂ ಅದೇ ಗೆದ್ದಿತು. ಇವೆರಡರಲ್ಲಿ ಯಾವುದೂ ಲೆಕ್ಕಕ್ಕೆ ವಿರುದ್ಧವಾದುದಲ್ಲ.

ಮೂರನೆಯ ಹೆಜ್ಜೆಯಲ್ಲಿ, ಪ್ರತಿ ಪಂದ್ಯದ ಸಂಭವಗಳನ್ನು ಗಣಕಯಂತ್ರಕ್ಕೆ ಒಪ್ಪಿಸಿ, ಇಡೀ ಸ್ಪರ್ಧೆಯನ್ನು ಸಾವಿರಾರು ಬಾರಿ ಕಲ್ಪಿತವಾಗಿ ಆಡಿಸುತ್ತಾರೆ. ಯಾವ ತಂಡ ಎಷ್ಟು ಬಾರಿ ಗೆದ್ದಿತೆಂದು ಎಣಿಸುತ್ತಾರೆ. ಹೀಗೆ ಬರುವ ಉತ್ತರಗಳು ಅಭಿಮಾನಿಗಳಿಗೆ ನಿರಾಶೆಯನ್ನುಂಟುಮಾಡುವುದು ಸಹಜ. ಅತ್ಯಂತ ಬಲಿಷ್ಠ ತಂಡಕ್ಕೂ ಗೆಲುವಿನ ಸಂಭವ ಸಾಮಾನ್ಯವಾಗಿ ಅರ್ಧಕ್ಕಿಂತ ಬಹಳ ಕಡಮೆಯಾಗಿ ಕಾಣುತ್ತದೆ. ಕಾರಣವನ್ನು ಕೈಲೆಕ್ಕದಿಂದಲೇ ತಿಳಿಯಬಹುದು. ಸೋತವರು ಹೊರಬೀಳುವ ಸುತ್ತುಗಳಲ್ಲಿ ಪ್ರತಿಸಲವೂ ಮುಂದುವರಿಯುವ ಸಂಭವ ನೂರಕ್ಕೆ 70 ಇರುವ ತಂಡವು ಅಂಥ ನಾಲ್ಕು ಪಂದ್ಯಗಳನ್ನೂ ದಾಟುವ ಸಂಭವ 24 ಮಾತ್ರ. 2026ರ ಸ್ಪರ್ಧೆಗೆ ತಂಡಗಳ ಸಂಖ್ಯೆಯನ್ನು 32ರಿಂದ 48ಕ್ಕೆ ಏರಿಸಿ, ಅಂಥ ಸುತ್ತುಗಳನ್ನು ಐದು ಮಾಡಿದುದರಿಂದ ಅದೇ ಸಂಭವ 17ಕ್ಕೆ ಇಳಿಯುತ್ತದೆ. ಎಲ್ಲರಿಗಿಂತ ಬಲಿಷ್ಠವಾದ ತಂಡವು ಗೆಲ್ಲದಿರುವುದೇ ಹೆಚ್ಚು ಸಂಭವವೆಂಬ ವಿಚಿತ್ರವಾದ ನಿರ್ಣಯಕ್ಕೆ ನಾವು ಬಂದಂತಾಯಿತು.

ಈ ಲೆಕ್ಕಗಳಿಗೂ ಮಿತಿಗಳುಂಟು. ರಾಷ್ಟ್ರೀಯ ತಂಡಗಳು ವರ್ಷದಲ್ಲಿ ಆಡುವ ಪಂದ್ಯಗಳು ಕೆಲವೇ. ಬೇರೆ ಬೇರೆ ಖಂಡಗಳ ತಂಡಗಳು ಎದುರಾಗುವುದು ಇನ್ನೂ ಅಪರೂಪ. ಆದುದರಿಂದ ಬಲದ ಅಳತೆಯೇ ಸಂದೇಹದಿಂದ ಕೂಡಿರುತ್ತದೆ. ಸ್ವಂತ ನೆಲದಲ್ಲಿ ಆಡುವುದರ ಅನುಕೂಲವನ್ನೂ ಗಣನೆಗೆ ತರಬೇಕು: 1930ರಿಂದ 2022ರವರೆಗಿನ 22 ವಿಶ್ವಕಪ್ಪುಗಳಲ್ಲಿ ಆರನ್ನು ಆತಿಥೇಯ ದೇಶಗಳೇ ಗೆದ್ದಿವೆ.

ಹಾಗಾದರೆ ಮುನ್ಸೂಚನೆ ಒಳ್ಳೆಯದೋ ಕೆಟ್ಟದೋ ಎಂದು ನಿರ್ಣಯಿಸುವ ಬಗೆ ಯಾವುದು? ಒಂದೆರಡು ಸಲ ನಿಜವಾದ ಮಾತ್ರಕ್ಕೆ ಅದನ್ನು ಮೆಚ್ಚಲಾಗದು. 2010ರ ವಿಶ್ವಕಪ್ಪಿನ ಕಾಲದಲ್ಲಿ ಜರ್ಮನಿಯ ಒಬರ್‌ಹೌಸನ್ ನಗರದ ಮತ್ಸ್ಯಾಲಯದಲ್ಲಿದ್ದ ಪಾಲ್ ಎಂಬ ಅಷ್ಟಪದಿಯು ಎಂಟು ಪಂದ್ಯಗಳ ವಿಜಯಿಗಳನ್ನೂ ಸರಿಯಾಗಿ 'ಆರಿಸಿತು'. ನಾಣ್ಯ ಚಿಮ್ಮಿ ಹೇಳಿದರೆ ಹಾಗಾಗುವ ಸಂಭವ 256ರಲ್ಲಿ ಒಂದು. ಆದರೆ ನೂರಾರು ಕಡೆಗಳಲ್ಲಿ ನೂರಾರು ಜನರೂ ಪ್ರಾಣಿಗಳೂ ಊಹಿಸುತ್ತಿರುವಾಗ, ಅವರಲ್ಲೊಬ್ಬರ ಊಹೆ ಪೂರ್ತಿಯಾಗಿ ನಿಜವಾದರೆ ಆಶ್ಚರ್ಯವಿಲ್ಲ. ಸೋತ ಭವಿಷ್ಯವಾದಿಗಳ ಹೆಸರು ಯಾರಿಗೂ ನೆನಪಿರುವುದಿಲ್ಲ.

ಸರಿಯಾದ ಒರೆಗಲ್ಲನ್ನು ಒದಗಿಸಿದವರು ಹವಾಮಾನಶಾಸ್ತ್ರಜ್ಞರು. ಮರಕಾನಾ ಪಂದ್ಯ ನಡೆದ 1950ರಲ್ಲಿಯೇ ಅಮೆರಿಕದ ಹವಾಮಾನ ಇಲಾಖೆಯ ಗ್ಲೆನ್ ಬ್ರೈಯರ್ ಅವರು, ಸಂಭವಗಳ ರೂಪದಲ್ಲಿ ಹೇಳಿದ ಮುನ್ಸೂಚನೆಗಳನ್ನು ಅಳೆಯುವ ವಿಧಾನವೊಂದನ್ನು ಪ್ರಕಟಿಸಿದರು. ಅದರ ಸರಳ ರೂಪವಿದು: ಹೇಳಿದ ಘಟನೆ ನಡೆದರೆ 1 ಎಂದೂ ನಡೆಯದಿದ್ದರೆ 0 ಎಂದೂ ಇಟ್ಟು, ಹೇಳಿದ ಸಂಭವಕ್ಕೂ ಅದಕ್ಕೂ ಇರುವ ಅಂತರದ ವರ್ಗವನ್ನು ತೆಗೆಯಬೇಕು. ಎಲ್ಲ ಪಂದ್ಯಗಳ ಮೊತ್ತ ಕಡಮೆಯಾದಷ್ಟೂ ಮುನ್ಸೂಚನೆ ಉತ್ತಮ. ನಿಜವಾಗಿ ನೂರಕ್ಕೆ 70ರಂತೆ ಗೆಲ್ಲತಕ್ಕ ತಂಡದ 100 ಪಂದ್ಯಗಳನ್ನು ತೆಗೆದುಕೊಳ್ಳೋಣ. ಪ್ರತಿಸಲವೂ 0.7 ಎಂದವನ ತಪ್ಪು, ಗೆದ್ದ 70 ಪಂದ್ಯಗಳಲ್ಲಿ 0.09ರಂತೆಯೂ ಉಳಿದ 30ರಲ್ಲಿ 0.49ರಂತೆಯೂ ಸೇರಿ, ಒಟ್ಟು 21 ಆಗುತ್ತದೆ. 'ಏನೂ ಹೇಳಬರುವುದಿಲ್ಲ' ಎಂದು 0.5ಕ್ಕೆ ನಿಂತವನ ತಪ್ಪು 25. 'ಗೆದ್ದೇ ಗೆಲ್ಲುತ್ತದೆ' ಎಂದು 1 ಹೇಳಿದವನ ತಪ್ಪು 30. ಅಧಿಕವಾದ ಧೈರ್ಯವು ಅಜ್ಞಾನವನ್ನು ಒಪ್ಪಿಕೊಳ್ಳುವುದಕ್ಕಿಂತಲೂ ಕೀಳಾಗಿ ಪರಿಣಮಿಸಿತು. ತಿಳಿದಷ್ಟನ್ನೇ ಪ್ರಾಮಾಣಿಕವಾಗಿ ಹೇಳಿದವನು ಇಬ್ಬರಿಗಿಂತಲೂ ಮೇಲಾದನು.

ಈಗ ಮೊದಲಿನ ಆಕ್ಷೇಪಕ್ಕೆ ಉತ್ತರ ಹೇಳಬಹುದು. 1950ರಲ್ಲಿ ಬ್ರೆಜಿಲ್ ಹೆಚ್ಚು ಸಂಭವವುಳ್ಳ ತಂಡವೆಂದವರು ತಪ್ಪಿರಲಿಲ್ಲ. ಅದು ನಿಶ್ಚಯವಾಗಿ ಗೆಲ್ಲುವುದೆಂದವರು ತಪ್ಪಿದ್ದರು, ಮತ್ತು ಅವರು ಬ್ರೆಜಿಲ್ ಗೆದ್ದಿದ್ದರೂ ತಪ್ಪೇ ಆಗಿರುತ್ತಿದ್ದರು. ಮುನ್ಸೂಚನೆಯ ಗುಣ ಒಂದು ದಿನದ ಫಲದಿಂದ ಗೊತ್ತಾಗುವುದಿಲ್ಲ. ಬಹುಕಾಲದ ಲೆಕ್ಕದಿಂದ ಗೊತ್ತಾಗುತ್ತದೆ.

ಆಟದ ವಿಷಯದಲ್ಲಿ ಈ ಭೇದವನ್ನು ಮರೆತರೆ ಆಗುವ ನಷ್ಟ ಅಲ್ಪ. ಆದರೆ ನಮ್ಮ ಮುಂಗಾರಿನ ಮುನ್ಸೂಚನೆಯೂ ಸಂಭವಗಳ ರೂಪದಲ್ಲಿಯೇ ಬರುತ್ತದೆ. ಮಳೆ ಕೊರತೆಯಾಗುವ ಸಂಭವ ನೂರಕ್ಕೆ ಇಷ್ಟು ಎಂಬ ಮಾತನ್ನು ಕೇಳಿ, ಬಿತ್ತನೆಯ ಬೀಜವನ್ನೂ ಕೆರೆಯ ನೀರನ್ನೂ ಕುರಿತು ನಿಶ್ಚಯಿಸಬೇಕಾದವರು ನಮ್ಮಲ್ಲಿ ಬಹುಮಂದಿ. ಆ ಮಾತನ್ನು ವಾಗ್ದಾನವೆಂದು ನಂಬುವುದೂ, ಒಂದು ವರ್ಷ ಹುಸಿಯಾಯಿತೆಂದು ತಳ್ಳಿಬಿಡುವುದೂ ಸಮಾನವಾಗಿ ಹಾನಿಕರ. ಸಂಭವದ ಮಾತನ್ನು ಸಂಭವದ ಮಾತಾಗಿಯೇ ಗ್ರಹಿಸುವ ಅಭ್ಯಾಸವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸುವುದಕ್ಕೆ, ಅವರು ಆಸಕ್ತಿಯಿಂದ ನೋಡುವ ಕಾಲ್ಚೆಂಡಾಟವು ಒಳ್ಳೆಯ ಪಾಠವಾಗಬಲ್ಲದೆಂದು ನಾವು ಭಾವಿಸುತ್ತೇವೆ.